ಸ್ಟ್ರಾಬೆರಿ ಗಿಡದ ರೋಗವೂ ನನ್ನ ಸಂಕೋಚವೂ

ಧಾರವಾಡದ ನಮ್ಮ ಓಣಿಯಲ್ಲಿ ಒಬ್ಬರ ಮನೆಗೆ ಬರಿಗೈಲಿ ಹೋಗುವವರು ಇದ್ದಾರು, ಬರಿಗೈಲಿ ಮರಳುವವರು ಮಾತ್ರ ಇಲ್ಲ. ಅರಿಸಿನ ಕುಂಕುಮ ತೆಗೆದುಕೊಂಡು ಎದ್ದವರು ಚಪ್ಪಲಿ ಮೆಟ್ಟುವ ಮೊದಲು ಅಂಗಳದತ್ತ ಒಂದು ಕಣ್ಣು ಹಾಯಿಸಿ, "ಈ ದಾಸವಾಳದ್ದೊಂದು ಟೊಂಗಿ ಕೊಡ್ರಲ್ಲ" ಎನ್ನುತ್ತಾರೆ. ಮನೆಯಾಕೆ ಸಂತೋಷದಿಂದ ಮುರಿದು ಕೊಡುತ್ತಾಳೆ. ಮನಿಪ್ಲಾಂಟಿನ ವಿಷಯದಲ್ಲಂತೂ ಅದನ್ನು ಕದ್ದು ತಂದರೇ ಚೆನ್ನಾಗಿ ಹತ್ತುತ್ತದೆಂಬ ನಂಬಿಕೆಯಿರುವುದರಿಂದ ಕೇಳುವ ತೊಂದರೆಯೂ ಇಲ್ಲ. ಹೀಗೆ ಕೊಟ್ಟು ತಂದು ನಮ್ಮ ಓಣಿಯ ಅಂಗಳಗಳೆಲ್ಲ ಒಂದಕ್ಕೊಂದು ಬೀಗರಾಗಿಬಿಟ್ಟಿವೆ. ಆದರೆ ಈ ಬೀಗತನದಲ್ಲಿ ಹೆಣ್ಣು ನೋಡಲು ಬಂದವರು ಕೇಳುವಂಥ ಪ್ರಶ್ನೆಗಳಿಲ್ಲ. ಗಿಡದ ಆರೋಗ್ಯ ಹೇಗಿದೆ, ಅದರ ಮನೆತನದಲ್ಲಿ ಏನಾದರೂ ಕಾಯಿಲೆ ಉಂಟೇ ಎಂದು ಯಾರೂ ವಿಚಾರಿಸುವುದಿಲ್ಲ. ನಾನೂ ವಿಚಾರಿಸಿದವಳಲ್ಲ. ನನ್ನನ್ನೂ ಯಾರೂ ವಿಚಾರಿಸಲಿಲ್ಲ. ತೊಂದರೆ ಬಂದದ್ದೇ ಅಲ್ಲಿ.

2023ರ ದಸರಾ ರಜೆಯಲ್ಲಿ ಮಹಾಬಳೇಶ್ವರಕ್ಕೆ ಹೋಗಿದ್ದೆವು. ಅಲ್ಲಿಯ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಾವು ಹೋದಾಗ ಹೊಲಗಳಲ್ಲಿ ಇನ್ನೂ ಹಣ್ಣಿರಲಿಲ್ಲ, ಎಳೆಯ ಗಿಡಗಳಿದ್ದವು. ಬರುವಾಗ ಎಂಟು ಸಸಿ ಕೊಂಡು, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ತಂದೆ. "ಈ ಬಿಸಿಲಿಗೆ ಅವು ಬದುಕುತ್ತವೆಯೇ?" ಎಂದು ನಮ್ಮ ಮನೆಯವರು ನಕ್ಕರು. ಆ ನಗುವಿಗೆ ಉತ್ತರ ಕೊಡುವುದಕ್ಕಾದರೂ ಅವುಗಳನ್ನು ಬದುಕಿಸಬೇಕೆಂಬ ಹಟ ನನಗೆ ಬಂತು.

ಸ್ಟ್ರಾಬೆರಿ ಬಹಳ ಸೂಕ್ಷ್ಮದ ಗಿಡ. ಎಲೆಗಳೆಲ್ಲ ಹೊರಡುವ ಅದರ ನೆತ್ತಿ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಇರಬೇಕು. ಹೂತರೆ ಕೊಳೆಯುತ್ತದೆ, ಮೇಲುಳಿದರೆ ಬೇರು ಒಣಗುತ್ತದೆ. ನೀರು ಹೆಚ್ಚಾದರೂ ಕೋಪ, ಕಡಿಮೆಯಾದರೂ ಕೋಪ. ಆ ಚಳಿಗಾಲ ಕುಂಡಕ್ಕೆ ಏಳೆಂಟು ಹಣ್ಣು ಬಿಟ್ಟವು. ಕೆಲವು ಹಣ್ಣು ಕೆಂಪಾಗುವ ಮೊದಲೇ ಬೂದುಬಣ್ಣದ ಬೂಷ್ಟು ಹಿಡಿದು ಮೆತ್ತಗಾದವು. ಎಲೆಗಳ ಮೇಲೆ ನೇರಳೆ ಅಂಚಿನ, ನಡುವೆ ಬೂದಿಬಣ್ಣದ ಚುಕ್ಕೆಗಳು ಬಂದವು. ಈ ಎರಡಕ್ಕೂ ಮದ್ದು ನನ್ನ ಕೈಯಲ್ಲೇ ಇತ್ತು. ಬೂಷ್ಟು ಹಿಡಿದ ಹಣ್ಣನ್ನು ಕೂಡಲೇ ಕಿತ್ತೆಸೆಯುವುದು, ಚುಕ್ಕೆ ಬಿದ್ದ ಹಳೆಯ ಎಲೆ ಕತ್ತರಿಸುವುದು, ಹಣ್ಣು ಮಣ್ಣಿಗೆ ತಾಗದಂತೆ ಒಣಹುಲ್ಲು ಹಾಸುವುದು, ಕುಂಡಗಳ ನಡುವೆ ಗಾಳಿಯಾಡಲು ಜಾಗ ಬಿಡುವುದು, ಎಲೆಯ ಮೇಲಲ್ಲದೆ ಬುಡಕ್ಕೆ ಮಾತ್ರ ಬೆಳಿಗ್ಗೆ ನೀರು ಹನಿಸುವುದು. ನೆಗಡಿ ಕೆಮ್ಮಿಗೆ ಶುಂಠಿ ಕಷಾಯ ಕೊಟ್ಟಂತೆ ಇವನ್ನೆಲ್ಲ ಮಾಡಿದೆ. ಗಿಡಗಳು ಚೇತರಿಸಿಕೊಂಡವು. ನನಗೂ ಸ್ವಲ್ಪ ಜಂಬ ಬಂತು.

ಬೇಸಿಗೆ ಬರುತ್ತಲೇ ತಾಯಿ ಗಿಡಗಳು ಉದ್ದುದ್ದ ಹಂಬು ಚಾಚಿದವು. ಹಂಬಿನ ಗೆಣ್ಣು ಮಣ್ಣಿಗೆ ತಾಗಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ನಾವು ಅದನ್ನು ಮರಿ ಎನ್ನುತ್ತೇವೆ. ನಿಜವಾಗಿ ನೋಡಿದರೆ ಅದು ತಾಯಿಯ ಮಗಳಲ್ಲ, ತಾಯಿಯೇ. ಬೀಜದಿಂದ ಹುಟ್ಟಿದ್ದಕ್ಕೆ ಬೇರೆ ಗುಣ ಬರಬಹುದು. ಹಂಬಿನಿಂದ ಬಂದದ್ದು ಅದೇ ಮೈ, ಅದೇ ಜೀವ, ಇನ್ನೊಂದು ಕಡೆ ಬೇರೂರಿದ್ದು ಅಷ್ಟೆ. ತಾಯಿಯ ಮೈಯಲ್ಲಿ ಏನಿರುತ್ತದೋ ಅದು ಹಂಬಿನ ಜೊತೆ ಹೊರಡಬಹುದು. ಇದನ್ನು ನಾನು ಆಗ ಹಣ್ಣಿನ ಸಿಹಿಯ ಬಗ್ಗೆ ಮಾತ್ರ ಯೋಚಿಸಿದ್ದೆ, ರೋಗದ ಬಗ್ಗೆ ಯೋಚಿಸಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹನ್ನೆರಡು ಮರಿಗಳಾದವು. 2024ರ ಗಣೇಶನ ಹಬ್ಬದಲ್ಲಿ ಅವನ್ನು ಮೂರು ಮನೆಗೆ ಹಂಚಿದೆ. ನಮ್ಮ ಶಾಲೆಯ ವಿಜ್ಞಾನದ ಶಿಕ್ಷಕಿಗೆ, ಹುಬ್ಬಳ್ಳಿಯ ನಾದಿನಿಗೆ, ಎದುರು ಮನೆಯ ಆಯಿಗೆ. ಎದುರು ಮನೆಯ ಆಯಿ ಎಪ್ಪತ್ತು ದಾಟಿದವರು, ಒಬ್ಬರೇ ಇರುತ್ತಾರೆ. ಮೊಮ್ಮಗ ಪುಣೆಯಲ್ಲಿದ್ದಾನೆ. ಡಿಸೆಂಬರ್ ರಜೆಗೆ ಅವನು ಬಂದಾಗ ಗಿಡದಿಂದಲೇ ಹಣ್ಣು ಕಿತ್ತು ತಿನ್ನಬೇಕು ಎಂದು ಅವರಿಗೆ ಆಸೆ. ಅಂಗಳದ ಮಡಿಯಲ್ಲಿ ನಾಲ್ಕು ಮರಿಗಳನ್ನು ಹಚ್ಚಿಕೊಂಡು, ದಿನವೂ ಗೇಟಿನಲ್ಲಿ ನಿಂತು, "ಅಕ್ಕೋರ, ನೀವು ಕೊಟ್ಟ ಗಿಡ ಭಾಳ ಛಲೋ ಚಿಗತಾವ ನೋಡ್ರಿ" ಎಂದು ಹೇಳುತ್ತಿದ್ದರು.

ಸೆಪ್ಟೆಂಬರ್ ಕೊನೆಯ ವಾರ ನನ್ನ ತಾಯಿ ಗಿಡಗಳಲ್ಲಿ ಒಂದು ಮಧ್ಯಾಹ್ನ ಬಾಡಿತು. ಸಂಜೆ ಎದ್ದು ನಿಂತಿತು. ಬಿಸಿಲಿಗೆ ಇರಬೇಕೆಂದು ನೀರು ಹಾಕಿದೆ. ಮರುದಿನವೂ ಹಾಗೆಯೇ. ನಾಲ್ಕನೆಯ ದಿನ ಏಳಲೇ ಇಲ್ಲ. ಆಮೇಲೆ ಎರಡನೆಯದು, ಮೂರನೆಯದು. ಹತ್ತು ದಿನಗಳಲ್ಲಿ ಎಂಟರಲ್ಲಿ ಆರು ಗಿಡ ಹೋದವು. ಎಲೆಯ ಮೇಲೆ ಬೂಷ್ಟಿಲ್ಲ, ಚುಕ್ಕೆಯಿಲ್ಲ.

ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದಸರಾ ರಜೆಗೆ ಊರಿಗೆ ಬಂದವಳು ಮನೆಗೂ ಬಂದಳು. ಸತ್ತ ಗಿಡವೊಂದನ್ನು ಕಿತ್ತು, ಚಾಕುವಿನಿಂದ ಅದರ ನೆತ್ತಿಯನ್ನು ಉದ್ದಕ್ಕೆ ಸೀಳಿ ತೋರಿಸಿದಳು. ಬೆಳ್ಳಗಿರಬೇಕಾದ ಒಳಗು ಕೆಂಪು ಕಂದು ಬಣ್ಣಕ್ಕೆ ತಿರುಗಿ ಗೆರೆಗೆರೆಯಾಗಿತ್ತು. "ಇದು ಚಿಬ್ಬು ರೋಗದ ಜಾತಿಯದು ಅನಿಸುತ್ತದೆ ಮೇಡಂ, ಆಂಥ್ರಾಕ್ನೋಸ್. ನೆತ್ತಿಗೇ ಹತ್ತಿದೆ. ಖಚಿತವಾಗಬೇಕಾದರೆ ಪ್ರಯೋಗಾಲಯಕ್ಕೆ ಕಳಿಸಬೇಕು" ಎಂದಳು. ಅವಳು ಹೇಳಿದ್ದಿಷ್ಟು. ಇದು ಶಿಲೀಂಧ್ರದಿಂದ ಬರುವ ರೋಗ. ಬೆಚ್ಚಗಿನ ಮಳೆಯಲ್ಲಿ ಹನಿ ಸಿಡಿದಂತೆಲ್ಲ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಕತ್ತರಿ, ಕೈ ಇವುಗಳಿಂದಲೂ ಹರಡುತ್ತದೆ. ಹತ್ತಿದ ಗಿಡವನ್ನು ಬದುಕಿಸುವ ಔಷಧವಿಲ್ಲ. ಸಿಂಪಡಿಸುವುದೆಲ್ಲ ಇನ್ನೂ ಹತ್ತದ ಗಿಡವನ್ನು ಕಾಯುವುದಕ್ಕೆ ಮಾತ್ರ. ಎಲ್ಲಕ್ಕಿಂತ ಮುಖ್ಯವಾದದ್ದು, ಮರಿಗಳು ನೋಡಲು ಹಸಿರಾಗಿದ್ದರೂ ರೋಗ ಒಳಗೆ ಸುಮ್ಮನೆ ಕೂತಿರಬಹುದು. "ಉಳಿದ ಎರಡನ್ನೂ ಕಿತ್ತು ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಮಣ್ಣಿನಲ್ಲಿ ಮತ್ತೆ ಸ್ಟ್ರಾಬೆರಿ ಹಚ್ಚಬೇಡಿ. ಇದರ ಮರಿ ಯಾರಿಗಾದರೂ ಕೊಟ್ಟಿದ್ದೀರಾ?"

ಕೊಟ್ಟಿದ್ದೇನೆ ಎಂದೆ. "ಹಾಗಾದರೆ ಹೇಳಿಬಿಡಿ" ಎಂದಳು, ಇದೇನೂ ದೊಡ್ಡ ಮಾತಲ್ಲವೆಂಬಂತೆ.

ಎರಡು ಹಸಿರು ಗಿಡಗಳನ್ನು ಕೀಳುವುದೇ ಕಷ್ಟವಾಗಿತ್ತು. ಒಂದರಲ್ಲಿ ಹೂವಿತ್ತು. "ಜೀವ ಇರುವುದನ್ನು ಯಾಕೆ ಕೀಳುತ್ತೀ, ಬದುಕಿದರೆ ಬದುಕಲಿ" ಎಂದರು ನಮ್ಮವರು. ಅವರ ಮಾತಿನಲ್ಲಿ ಕರುಣೆಯಿತ್ತು. ಆದರೆ ಆ ಕರುಣೆಗೆ ಒಂದೇ ಗಿಡ ಕಾಣುತ್ತಿತ್ತು, ಅದರ ಪಕ್ಕದ ಗಿಡ ಕಾಣುತ್ತಿರಲಿಲ್ಲ. ಮನಸ್ಸು ಗಟ್ಟಿ ಮಾಡಿ ಕಿತ್ತು, ಸೀಳಿ ನೋಡಿದೆ. ಹೂವಿದ್ದ ಗಿಡದ ನೆತ್ತಿಯೊಳಗೂ ಕೆಂಪು ಗೆರೆ ಶುರುವಾಗಿತ್ತು. ಎಲ್ಲವನ್ನೂ ಸುಟ್ಟೆ. ಕತ್ತರಿಯನ್ನು ಕುದಿಯುವ ನೀರಿನಲ್ಲಿ ಹಾಕಿದೆ. ಈ ಕೆಲಸಗಳೆಲ್ಲ ಅರ್ಧ ದಿನದಲ್ಲಿ ಮುಗಿದವು. ಮೂರು ಮನೆಗೆ ಒಂದು ಮಾತು ಹೇಳುವ ಕೆಲಸ ಮಾತ್ರ ಮೂರು ವಾರ ತೆಗೆದುಕೊಂಡಿತು.

ಆ ಮೂರು ವಾರ ನನ್ನ ಮನಸ್ಸು ಹೂಡಿದ ವಾದಗಳನ್ನು ಯಾವ ವಕೀಲರೂ ಹೂಡಲಾರರು. ಅವರ ಗಿಡಗಳಿಗೆ ಹತ್ತಿರಲಿಕ್ಕಿಲ್ಲ. ಹತ್ತಿದ್ದರೂ ನನ್ನಿಂದಲೇ ಅಂತ ಏನು ಗ್ಯಾರಂಟಿ? ಪ್ರಯೋಗಾಲಯದ ಪರೀಕ್ಷೆ ಆಗಿಲ್ಲವಲ್ಲ. ಆಯಿಗೆ ಸುಮ್ಮನೆ ಗಾಬರಿ ಯಾಕೆ? ಹಬ್ಬ ಮುಗಿಯಲಿ. ಇವೆಲ್ಲದರ ಕೆಳಗೆ ಇದ್ದದ್ದು ಒಂದೇ, ನಾಚಿಕೆ. 'ಅಕ್ಕೋರು ರೋಗದ ಗಿಡ ಹಂಚಿದರು' ಎಂಬ ಮಾತು ಓಣಿಯಲ್ಲಿ ಹುಟ್ಟುತ್ತದಲ್ಲ ಎಂಬ ಭಯ. ದಿನವೂ ಆಯಿ ಗೇಟಿನಲ್ಲಿ ಗಿಡದ ವರದಿ ಕೊಡುತ್ತಿದ್ದರು. ನಾನು ಬಸ್ಸಿಗೆ ಹೊತ್ತಾಯಿತೆಂದು ತಲೆ ತಗ್ಗಿಸಿ ಹೋಗುತ್ತಿದ್ದೆ.

ನನಗೆ ಆಗ ನೆನಪಾಗುತ್ತಿದ್ದವರು ತೀರಿಹೋದ ನಮ್ಮ ಅಪ್ಪಯ್ಯ. ನನ್ನ ತವರು ಶಿರಸಿಯ ಕಡೆ, ಅಡಿಕೆ ತೋಟದ ಮನೆ. ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಈ ಕನ್ನಡದ ಹೆಸರೇ ಇಂಗ್ಲಿಷ್ ವಿಜ್ಞಾನದ ಪುಸ್ತಕಗಳಿಗೂ ಹಾಗೆಯೇ ಸೇರಿಹೋಗಿದೆ. ಮಳೆ ಹಿಡಿಯುವ ಮೊದಲೇ ಮೈಲುತುತ್ತ ಮತ್ತು ಸುಣ್ಣ ತಲಾ ಒಂದು ಕಿಲೋ, ನೂರು ಲೀಟರ್ ನೀರಿಗೆ ಸೇರಿಸಿದ ಬೋರ್ಡೋ ದ್ರಾವಣವನ್ನು ಕೊನೆಗೌಡರು ಮರ ಹತ್ತಿ ಹೊಡೆಯುತ್ತಿದ್ದರು. ಆದರೂ ಮಳೆ ಬಿಡದೆ ಹೊಯ್ದ ವರ್ಷ ಎಲ್ಲೋ ಒಂದು ಮರದಲ್ಲಿ ಕೊಳೆ ಕಾಣಿಸಿಕೊಳ್ಳುತ್ತಿತ್ತು. ಉದುರಿದ ಕೊಳೆಯಡಿಕೆಯನ್ನು ಹೆಕ್ಕಿಸಿ ಸುಡಿಸುವುದು ಅಪ್ಪಯ್ಯನ ಎರಡನೆಯ ಕೆಲಸ. ಮೊದಲನೆಯ ಕೆಲಸವೆಂದರೆ ಕಂಬಳಿಕೊಪ್ಪೆ ಹಾಕಿಕೊಂಡು ಮೇಲಿನ ತೋಟದವರಿಗೂ ಕೆಳಗಿನ ತೋಟದವರಿಗೂ, 'ನಮ್ಮಲ್ಲಿ ಕೊಳೆ ಬಂದಿದೆ, ನೀವು ನೋಡಿಕೊಳ್ಳಿ' ಎಂದು ಹೇಳಿ ಬರುವುದು. "ನಮ್ಮ ತೋಟದಿಂದಲೇ ಬಂತು ಅನ್ನುತ್ತಾರೆ" ಎಂದು ಅಮ್ಮ ಗೊಣಗಿದರೆ, "ಅನ್ನಲಿ, ಬಿಡು. ಅಡಿಕೆ ಉಳಿದರೆ ಸಾಕು" ಎನ್ನುತ್ತಿದ್ದರು. ಅವರು ಓದಿದ್ದು ಏಳನೆಯ ಇಯತ್ತೆ. ನಾನು ಬಿ.ಎ., ಬಿ.ಎಡ್. ಮಾಡಿದವಳು ಮೂರು ವಾರ ಗೇಟು ದಾಟಲಾರದೆ ಕೂತಿದ್ದೆ.

ಗೊತ್ತಿಲ್ಲದೆ ಕೊಟ್ಟದ್ದಕ್ಕೆ ನಾನು ಅಷ್ಟು ನಾಚಬೇಕಾಗಿರಲಿಲ್ಲ. ಸ್ಟ್ರಾಬೆರಿಯ ಚರಿತ್ರೆಯಲ್ಲೇ ಅಂಥದ್ದೊಂದು ಕತೆಯಿದೆ. ಇವತ್ತು ನಾವು ತಿನ್ನುವ ದೊಡ್ಡ ಹಣ್ಣಿನ ಒಬ್ಬ ಹಿರಿಯಳು ದಕ್ಷಿಣ ಅಮೆರಿಕದ ಚಿಲಿ ದೇಶದವಳು. 1714ರಲ್ಲಿ ಫ್ರೆಜಿಯೇ ಎಂಬ ಫ್ರೆಂಚ್ ಎಂಜಿನಿಯರು ಅಲ್ಲಿಂದ ಗಿಡಗಳನ್ನು ಹಡಗಿನಲ್ಲಿ ತಂದ. ತಿಂಗಳುಗಟ್ಟಲೆಯ ಸಮುದ್ರಯಾನದಲ್ಲಿ ಕುಡಿಯುವ ನೀರಿಗೇ ತತ್ವಾರ. ಅದರಲ್ಲೇ ಗಿಡಗಳಿಗೂ ಪಾಲು ಕೊಟ್ಟು ಕಾಪಾಡಿದ. ಊರು ಮುಟ್ಟಿದ ಮೇಲೆ ಅವನ್ನು ಹಂಚಿದ. ಪಡೆದವರು ಹಂಬು ಹಬ್ಬಿಸಿ ಮತ್ತೆ ಹಂಚಿದರು. ಆದರೆ ಗಿಡ ಹೂಬಿಟ್ಟರೂ ಹಣ್ಣು ಬಿಡಲಿಲ್ಲ. ಅವನು ತಂದವೆಲ್ಲ ಹೆಣ್ಣು ಗಿಡಗಳಾಗಿದ್ದವು. ಆಮೇಲೆ ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿಯನ್ನು ಪಕ್ಕದಲ್ಲಿ ನೆಟ್ಟ ಕಡೆ ಅದರ ಪರಾಗ ಸಿಕ್ಕಿ ಹಣ್ಣಾಯಿತು, ಇಬ್ಬರ ಬೆರಕೆಯಿಂದ ಇಂದಿನ ಸ್ಟ್ರಾಬೆರಿ ಹುಟ್ಟಿತು. ಡ್ಯೂಶೇನ್ ಎಂಬ ಇನ್ನೂ ಇಪ್ಪತ್ತು ತುಂಬದ ಹುಡುಗ 1766ರಲ್ಲಿ ತನ್ನ ಪುಸ್ತಕದಲ್ಲಿ ಈ ಬೆರಕೆಯ ಗುಟ್ಟನ್ನು ಬಿಡಿಸಿ ಹೇಳಿದ. ಫ್ರೆಜಿಯೇ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದ. ಅದರ ಕೊರತೆ ಅವನಿಗೆ ಗೊತ್ತಿರಲಿಲ್ಲ. ಅಂಥವನನ್ನು ಯಾರು ಬೈದಾರು? ಗೊತ್ತಿಲ್ಲದೆ ಕೊಟ್ಟದ್ದು ಒಂದು. ಗೊತ್ತಾದ ಮೇಲೆ ಸುಮ್ಮನಿದ್ದದ್ದು ಇನ್ನೊಂದು. ನಾನು ಮೊದಲನೆಯದಕ್ಕೆ ನಾಚಿಕೊಂಡು ಎರಡನೆಯದನ್ನು ದಿನವೂ ಮಾಡುತ್ತಿದ್ದೆ.

ಕೊನೆಗೆ ದೀಪಾವಳಿಗೆ ಎರಡು ದಿನವಿದ್ದಾಗ ಹೋದೆ. ಆಯಿ ಮಡಿಯ ಹತ್ತಿರವೇ ಕೂತಿದ್ದರು. ನೋಡಿದರೆ ನಾನು ಕೊಟ್ಟ ನಾಲ್ಕು ಗಿಡದ ಸುತ್ತ ಇನ್ನೂ ಹತ್ತು ಹೊಸ ಗಿಡ. ಮೊಮ್ಮಗನಿಗೆ ನಾಲ್ಕು ಗಿಡದ ಹಣ್ಣು ಸಾಲದೆಂದು ಹಿಂದಿನ ವಾರವಷ್ಟೇ ಕೊಂಡು ತಂದು, ಅದೇ ಮಡಿಯಲ್ಲಿ ಹಚ್ಚಿದ್ದರು. ನನ್ನವುಗಳಲ್ಲಿ ಒಂದು ಆಗಲೇ ಬಾಡಿ ತಲೆಬಾಗಿತ್ತು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ನನ್ನ ಗಿಡಗಳು ಸತ್ತದ್ದು, ಸುಟ್ಟದ್ದು, ಮೂರು ವಾರವಾದದ್ದು.

ಆಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ರೋಗ ಬರೂದು ಯಾರ ಕೈಯಾಗ ಐತ್ರಿ ಅಕ್ಕೋರ? ಆದ್ರ ಮೊದಲ ಹೇಳಿದ್ರ ಈ ಹತ್ತು ಗಿಡ ಬ್ಯಾರೆ ಕಡೆ ಹಚ್ಚತಿದ್ದೆ" ಎಂದರು.

ಅಷ್ಟೇ. ಸಿಟ್ಟಿರಲಿಲ್ಲ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ. ಮೂರು ವಾರ ನಾನು ಹೆದರಿದ್ದ ಮಾತು ಅವರ ಬಾಯಿಂದ ಬರಲೇ ಇಲ್ಲ. ನನಗೆ ಹೊಳೆಯದೇ ಇದ್ದ ಮಾತು ಬಂತು. ರೋಗ ನನ್ನ ತಪ್ಪಲ್ಲ, ಹತ್ತು ಗಿಡ ನನ್ನ ತಪ್ಪು. ಇಬ್ಬರೂ ಸೇರಿ ಹಳೆಯ ನಾಲ್ಕನ್ನು ಕಿತ್ತೆವು. ಹೊಸ ಹತ್ತನ್ನು ಎತ್ತಿ ಬೇರೆ ಮಣ್ಣಿನ ಕುಂಡಗಳಿಗೆ ಹಾಕಿದೆವು. ಅದರಲ್ಲಿ ಆರು ಉಳಿದವು, ನಾಲ್ಕು ಹೋದವು. ಅದೇ ಸಂಜೆ ಉಳಿದಿಬ್ಬರಿಗೂ ಫೋನು ಮಾಡಿದೆ. ನಾದಿನಿ ಒಂದು ಮಾತು ಆಡಿದಳು, ಆಡಿ ಮರೆತಳು. ಶಾಲೆಯ ಗೆಳತಿಯ ಗಿಡಗಳು ಆಗಲೇ ಸತ್ತಿದ್ದವು. ತನ್ನ ಕೈಗುಣವೇ ಸರಿಯಿಲ್ಲವೆಂದು ಬೇಸರಪಟ್ಟುಕೊಂಡು ಅವಳು ನನಗೆ ಹೇಳದೆ ಮುಚ್ಚಿಟ್ಟಿದ್ದಳಂತೆ! ನಾನು ಕೊಟ್ಟು ಮುಚ್ಚಿಟ್ಟೆ, ಅವಳು ಪಡೆದು ಮುಚ್ಚಿಟ್ಟಳು.

ನಾವು ಯಾಕೆ ಹೀಗೆ ಮುಚ್ಚಿಡುತ್ತೇವೆ? ಬರೀ ಗಿಡದ ಮಾತಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಚಿಕ್ಕಮ್ಮನಿಗೆ ಮೂರ್ಛೆ ರೋಗವಿತ್ತು. 1984ರಲ್ಲಿ ಮದುವೆಯಾದಾಗ ಗಂಡಿನ ಕಡೆಯವರಿಗೆ ಯಾರೂ ಹೇಳಲಿಲ್ಲ. ಮಾತ್ರೆಗಳನ್ನು ಅರಿಸಿನದ ಡಬ್ಬಿಯಲ್ಲಿಟ್ಟು ಕಳಿಸಿದರು. ತುಂಬಿದ ಮನೆಯಲ್ಲಿ ಕದ್ದು ಮಾತ್ರೆ ನುಂಗಲು ಎಷ್ಟು ದಿನ ಸಾಧ್ಯ? ತಪ್ಪಿತು. ಒಂದು ದಿನ ಒಲೆಯ ಮುಂದೆಯೇ ಬಿದ್ದಳು. ಕೈ ಸುಟ್ಟಿತು, ವಾರದಲ್ಲಿ ತವರಿಗೆ ಬಂದಳು, ಮತ್ತೆ ಹೋಗಲಿಲ್ಲ. ಮೂರ್ಛೆ ರೋಗ ಒಬ್ಬರಿಂದೊಬ್ಬರಿಗೆ ಅಂಟುವುದಲ್ಲ. ಸರಿಯಾಗಿ ಔಷಧ ತೆಗೆದುಕೊಂಡರೆ ಹತ್ತರಲ್ಲಿ ಏಳು ಮಂದಿಯವರೆಗೂ ಮೂರ್ಛೆಯಿಲ್ಲದೆ ಬದುಕಬಹುದು ಎಂದು ವೈದ್ಯರೇ ಹೇಳುತ್ತಾರೆ. ಮುಚ್ಚಿಟ್ಟ ಅಜ್ಜ ಅಜ್ಜಿಯರನ್ನು ನಾನು ಬಹಳ ಕಾಲ ಮನಸ್ಸಿನಲ್ಲೇ ದೂರುತ್ತಿದ್ದೆ. ಆದರೆ ಆ ಕಾಲದ ಹಿಂದೂ ವಿವಾಹ ಕಾಯ್ದೆಯಲ್ಲೇ ಮತ್ತೆ ಮತ್ತೆ ಬರುವ ಮೂರ್ಛೆಯನ್ನು ಮದುವೆಗೆ ಅಡ್ಡಿಯೆಂದು ಬರೆದಿತ್ತು. ಅದನ್ನು ತೆಗೆದುಹಾಕಿದ್ದು 1999ರ ತಿದ್ದುಪಡಿಯಲ್ಲಿ. ಹೇಳಿದರೆ ಮದುವೆಯಿಲ್ಲ, ಹೇಳದಿದ್ದರೆ ಬಾಳುವೆಯಿಲ್ಲ. ಹೀಗಿರುವಾಗ ಹುಡುಗಿಯ ತಾಯಿತಂದೆ ಯಾವ ಬಾಯಿಂದ ಹೇಳಿಯಾರು?

ಗಿಡವನ್ನೂ ಚಿಕ್ಕಮ್ಮನನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಗಿಡವನ್ನು ಕಿತ್ತು ಸುಡಬಹುದು. ಮನುಷ್ಯರನ್ನು ಮನೆಯಿಂದ ಕಿತ್ತು ಹಾಕುವಂತಿಲ್ಲ. ಹಾಗೆ ಕಿತ್ತು ಹಾಕಿದವರೇ ಅಲ್ಲಿ ತಪ್ಪು ಮಾಡಿದವರು. ನಾನು ಹೇಳುವುದು ಬಾಯಿಬಿಡುವ ಮಾತನ್ನು ಕುರಿತು. ನಿಜ ಹೇಳಬೇಕು ಎನ್ನುವ ಪಾಠವನ್ನು ನಾವು ಯಾವಾಗಲೂ ಹೇಳುವವರಿಗಷ್ಟೇ ಕಲಿಸುತ್ತೇವೆ. ಕೇಳುವವರಿಗೆ ಪಾಠವೇ ಇಲ್ಲ. ಒಮ್ಮೆ ನನ್ನ ತರಗತಿಯಲ್ಲಿ ಕಿಟಕಿಯ ಗಾಜು ಒಡೆದಿತ್ತು. "ಯಾರು ಮಾಡಿದ್ದೋ ತಾವಾಗಿ ಎದ್ದು ನಿಲ್ಲಿ" ಎಂದೆ. ಒಬ್ಬ ಹುಡುಗ ನಿಂತ. ಅವನಿಗೆ ಇಡೀ ತರಗತಿಯ ಮುಂದೆ ಚೆನ್ನಾಗಿ ಬೈದೆ. ಮುಂದಿನ ಸಲ ಬೆಂಚು ಮುರಿದಾಗ ಯಾರೂ ಏಳಲಿಲ್ಲ. ಮಕ್ಕಳಲ್ಲಿ ಪ್ರಾಮಾಣಿಕತೆ ಕಡಿಮೆಯಾಗಿದೆಯೆಂದು ಸ್ಟಾಫ್ ರೂಮಿನಲ್ಲಿ ದುಃಖಪಟ್ಟೆ. ಅದು ಕಡಿಮೆಯಾದದ್ದು ಯಾರಿಂದ ಎಂದು ತಿಳಿಯಲು ನನಗೆ ಎದುರು ಮನೆಯ ಅಂಗಳಕ್ಕೆ ಹೋಗಬೇಕಾಯಿತು.

ಹೇಳುವವಳ ಧೈರ್ಯ ಅರ್ಧ, ಕೇಳುವವಳ ದೊಡ್ಡ ಮನಸ್ಸು ಇನ್ನರ್ಧ. ಆದರೂ ಇದನ್ನೇ ನೆಪ ಮಾಡಿಕೊಂಡು, ಎದುರಿನವರ ಮನಸ್ಸು ದೊಡ್ಡದೋ ಚಿಕ್ಕದೋ ಎಂದು ಅಳೆಯುತ್ತ ಕೂತರೆ ಹತ್ತು ಗಿಡ ಹೋಗುತ್ತವೆ. ನಮ್ಮ ಪಾಲಿನ ಅರ್ಧವನ್ನು ನಾವು ಮೊದಲು ಮಾಡಲೇಬೇಕು. ಚಿಕ್ಕಮ್ಮನ ಕಾಲದಲ್ಲಿ ಅದಕ್ಕೆ ಬಹಳ ದೊಡ್ಡ ಬೆಲೆಯಿತ್ತು. ನನಗೆ ಇದ್ದದ್ದು ಒಂದು ಗೇಟು ದಾಟುವ ಕಷ್ಟ ಮಾತ್ರ.

ಮುಂದಿನ ವರ್ಷ ಹೊಸ ಕುಂಡ, ಹೊಸ ಮಣ್ಣು, ಹೊಸ ಸಸಿಗಳನ್ನು ತಂದೆ. ಹಂಬು ಬಂದಾಗ ತಕ್ಷಣ ಹಂಚಲಿಲ್ಲ. ಒಂದು ಮಳೆಗಾಲ ಪೂರ್ತಿ ಕಾದು, ತಾಯಿ ಗಿಡ ಗಟ್ಟಿಯಾಗಿದೆಯೆಂದು ನೋಡಿ, ಆಮೇಲೆ ಕೊಟ್ಟೆ. ಪ್ರತಿ ಕುಂಡಕ್ಕೂ ಒಂದು ಚೀಟಿ ಕಟ್ಟಿದ್ದೆ. ಎಲ್ಲಿಂದ ತಂದದ್ದು, ಎಂದು ತಂದದ್ದು, ಎಲೆಚುಕ್ಕೆ ಬಂದಿತ್ತೋ ಇಲ್ಲವೋ, ಬಾಡಿದರೆ ಬೈಯದೆ ನನಗೆ ತಿಳಿಸಿ. ನಮ್ಮವರು ಅದನ್ನು ಗಿಡಗಳ ಜಾತಕ ಎಂದು ತಮಾಷೆ ಮಾಡುತ್ತಾರೆ. ಮಾಡಲಿ.

ಮೊನ್ನೆ ಆಯಿಯ ಮನೆಗೆ ಅರಿಸಿನ ಕುಂಕುಮಕ್ಕೆ ಹೋಗಿದ್ದೆ. ಎದ್ದು ಹೊರಡುವಾಗ ಅವರೇ ಬಿಳಿ ದಾಸವಾಳದ ಟೊಂಗೆಯೊಂದನ್ನು ಮುರಿದು ಕೈಗಿಟ್ಟರು. ಇಟ್ಟವರು ಎಲೆಯ ಹಿಂಬದಿ ತಿರುಗಿಸಿ ತೋರಿಸಿ, "ಹೋದ ತಿಂಗಳ ಇದಕ್ಕ ಬಿಳೇ ಹಿಟ್ಟಿನ ಹುಳ ಹತ್ತಿತ್ತರಿ ಅಕ್ಕೋರ. ತೊಳದೇನಿ. ಆದರೂ ನಿಮ್ಮ ಗಿಡದಿಂದ ನಾಕು ದಿನ ದೂರ ಇಡ್ರಿ" ಎಂದರು.

ಆ ಟೊಂಗೆಯನ್ನು ನಾಲ್ಕು ದಿನ ಹಿತ್ತಲಿನ ಕಟ್ಟೆಯ ಮೇಲೆ ಬೇರೆಯಾಗಿಟ್ಟು ನೋಡಿದೆ. ಹುಳ ಇರಲಿಲ್ಲ. ಈಗ ಚಿಗುರಿದೆ.